ಆರ್ವಿಲ್ ಬ್ರೆಕ್ಕೆಯ ಆರೂವರೆ ಅಡಿ

ಬಿಟರ್ ವೆಲ್ಸಿನಲ್ಲಿ ಪಿಕಪ್ ಇಲ್ಲದೆಯೂ ಮನುಷ್ಯ ಬದುಕಬಹುದು. ಆದರೆ ಯಾಕಿಲ್ಲ ಎಂಬುದಕ್ಕೆ ಅವನು ಊರಿಗೆ ಕಾರಣ ಹೇಳುತ್ತಿರಬೇಕು. ನನ್ನ ಪಕ್ಕದ ಮನೆಯ ಆರ್ವಿಲ್ ಬ್ರೆಕ್ಕೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೇಳಿಕೊಂಡು ಬಂದ ಕಾರಣವೆಂದರೆ ತಾನು ಸರಕಾರಿ ನೌಕರ ಎಂಬುದು. ಅವನು ಕೌಂಟಿಯ ವಾಹನ ನೋಂದಣಿ ಕಚೇರಿಯ ಕಿಟಕಿಯ ಹಿಂದೆ ಕುಳಿತು ಈ ಸೀಮೆಯ ಒಂದೊಂದು ಪಿಕಪ್ಪಿಗೂ ನಂಬರು ಕೊಟ್ಟವನು. ಕೆಂಪು ಬಂಡೆಗಳ ನಡುವೆ, ಹಳ್ಳಗಳೊಳಗೆ, ಗಣಿ ಗುಡ್ಡಗಳ ಮೇಲೆ ಆ ನಂಬರುಗಳು ಓಡಾಡಿಕೊಂಡಿದ್ದವು. ಆರ್ವಿಲ್ ಮಾತ್ರ ಬೂದು ಬಣ್ಣದ ಸಣ್ಣ ಕಾರಿನಲ್ಲಿ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ, ಡಾಂಬರಿನ ಅಂಚನ್ನು ಸಹ ದಾಟದೆ ಓಡಾಡಿದ.

ದೇವರು ಆರ್ವಿಲ್‌ನನ್ನು ಉದ್ದಕ್ಕೆ ಮಾಡಿದ್ದಾನೆ, ಆರಡಿ ಮೂರಂಗುಲ. ಧೈರ್ಯವನ್ನು ಆ ಅಳತೆಗೆ ಕೊಡಲಿಲ್ಲ ಎಂದರೆ ಸೃಷ್ಟಿಕರ್ತನನ್ನು ದೂರಿದಂತಾಗುತ್ತದೆ. ಕೊಟ್ಟಿದ್ದಾನೆ, ಎಲ್ಲೋ ಮಡಿಸಿ ಇಟ್ಟಿದ್ದಾನೆ ಎಂದುಕೊಳ್ಳೋಣ.

ನಿವೃತ್ತನಾದ ಮರುವಾರ ಲುಯೆಲ್ಲಾಳ ಕಾಫಿ ಅಂಗಡಿಯಲ್ಲಿ ಆ ಮಡಿಕೆ ಇದ್ದಕ್ಕಿದ್ದಂತೆ ಬಿಚ್ಚಿಕೊಂಡಿತು. ಬಿಚ್ಚಿದವನು ಅವನ ಹೆಂಡತಿಯ ತಮ್ಮ ಡ್ವೇನ್.

"ಇನ್ನೇನಪ್ಪಾ ಭಾವ, ಕೆಲಸ ಮುಗೀತು. ಇನ್ಮೇಲೆ ಮನೆ ಮುಂದೆ ಕೂತು ಹುಲ್ಲು ಬೆಳೆಯೋದು ನೋಡ್ತೀಯ?"

ಆರ್ವಿಲ್ ಕಾಫಿ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟ. "ಮೊದಲ ಹಿಮ ಬೀಳೋದ್ರೊಳಗೆ ಮ್ಯಾಗ್ಪೈ ಪಾಯಿಂಟಿಗೆ ಹೋಗ್ತೀನಿ. ಗಣಿ ರಸ್ತೇಲಿ. ಪಿಕಪ್ಪಿನ ಹಿಂದಿನ ತೊಟ್ಟೀಲೇ ಮಲಗಿ ಬೆಳಗ್ಗೆ ವಾಪಸ್ ಬರ್ತೀನಿ."

ಅಂಗಡಿಯವರೆಲ್ಲ ಇತ್ತ ತಿರುಗಿದರು. ಮ್ಯಾಗ್ಪೈ ಪಾಯಿಂಟ್ ಎಂದರೆ ನಮ್ಮ ಊರಿನ ಪೂರ್ವಕ್ಕೆ ಕಣಿವೆಯ ಅಂಚಿನಲ್ಲಿ ಮೂಗಿನಂತೆ ಚಾಚಿಕೊಂಡಿರುವ ಬಂಡೆ. ಬ್ರೆಕ್ಕೆಯವರ ಅಡುಗೆಮನೆಯ ಕಿಟಕಿಯಿಂದ ಅದು ನೇರ ಕಾಣುತ್ತದೆ. ಆರ್ವಿಲ್‌ನ ಹೆಂಡತಿ ನೋರೀನ್ ಪಾತ್ರೆ ತೊಳೆಯುತ್ತ ಮದುವೆಯಾದ ದಿನದಿಂದ ಅದನ್ನು ನೋಡಿಕೊಂಡು ಬಂದಿದ್ದಾಳೆ. ಅಲ್ಲಿ ನಿಂತರೆ ನಮ್ಮ ಊರು ಎಷ್ಟು ಚಿಕ್ಕದಾಗಿ ಕಾಣುತ್ತದೋ ಒಮ್ಮೆ ನೋಡಬೇಕು ಎಂದು ಅವಳು ನನ್ನ ಹೆಂಡತಿ ಹುಲ್ಡಾಳ ಹತ್ತಿರ ಎಷ್ಟೋ ಸಲ ಹೇಳಿದ್ದುಂಟು. ಹುಲ್ಡಾ ನನಗೆ ಹೇಳಿದ್ದಳು. ನೋರೀನ್ ಗಂಡನಿಗೆ ಹೇಳಿರಲಿಲ್ಲ; ಅವನಾಗಿ ಕೇಳಲಿ ಎಂದು ಕಾಯುತ್ತಿದ್ದಳು. ಆರ್ವಿಲ್ ಕೇಳಿರಲಿಲ್ಲ. ಕಾಲೊರಸಿನ ಮೇಲೆ ಮರಳು ಕಂಡರೆ ಸಹಿಸದ ಹೆಂಗಸು ಗುಡ್ಡದ ಮೇಲೆ ಮಲಗಲು ಬಂದಾಳೆ ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ.

"ಯಾವ ಪಿಕಪ್ಪು?" ಎಂದ ಡ್ವೇನ್.

"ತಗೋಬೇಕು."

"ತೊಟ್ಟಿ ಎಷ್ಟುದ್ದದ್ದು?"

ತೊಟ್ಟಿಗೆ ಬೇರೆ ಬೇರೆ ಉದ್ದವಿರುತ್ತದೆ ಎಂಬುದು ಸಾವಿರಾರು ತೊಟ್ಟಿಗಳಿಗೆ ನಂಬರು ಕೊಟ್ಟ ಆರ್ವಿಲ್‌ಗೆ ಹೊಳೆದಿರಲಿಲ್ಲ. "ಬೇಕಾದಷ್ಟು ಉದ್ದದ್ದು" ಎಂದ. ಅಷ್ಟು ಸಾಕಾಯಿತು.

"ಎಂಟಡಿ ತಗೋ," ಎಂದ ಡ್ವೇನ್. "ಗಂಡಸು ಕಾಲು ಚಾಚಿ ಮಲಗಬೇಕು. ತಲೆ ಹತ್ರ ನೀರಿನ ಕ್ಯಾನು, ಕಾಲ ಹತ್ರ ಒಲೆ, ಐಸ್ ಪೆಟ್ಟಿಗೆ, ಇನ್ನೊಂದು ಚಕ್ರ. ಎಲ್ಲಾ ಒಳಗೇ."

ಲುಯೆಲ್ಲಾ ಕಾಫಿ ಕೆಟಲು ಹಿಡಿದು ಬಂದಳು. "ಎಂಟಡಿ ಅಂದ್ರೆ ಮುಂದಿನ ಚಕ್ರ ಗಣಿ ಮುಟ್ಟಿದಾಗ ಹಿಂದಿನ ಚಕ್ರ ನನ್ನ ಅಂಗಡಿ ಮುಂದೇ ಇರುತ್ತೆ. ಗಣಿ ರಸ್ತೇಲಿ ಮೂರನೇ ತಿರುವು ಹೆಂಗೆ ತಿರುಗಿಸ್ತಾನೆ? ನೀನು ತಿರುಗಿಸಿದ್ಯಾ ಡ್ವೇನ್?"

"ನಾನು ಅವತ್ತು ಊಟಕ್ಕೆ ಅಂತ ವಾಪಸ್ ಬಂದೆ."

"ಹಿಂದ್ ಹಿಂದಕ್ಕೇ ಓಡಿಸ್ಕೊಂಡು ಬಂದ್ಯಲ್ಲ, ಅಷ್ಟು ಹಸಿವಾಗಿತ್ತಾ?" ಅವಳು ಆರ್ವಿಲ್ ಕಡೆ ತಿರುಗಿದಳು. "ಅವನ ಮಾತು ಕೇಳ್ಬೇಡ. ಉದ್ದದ ಗಾಡಿ ದಿಬ್ಬದ ನೆತ್ತಿ ಮೇಲೆ ಹೊಟ್ಟೆ ಊರಿ ನಿಂತ್ಬಿಡುತ್ತೆ, ನಾಲ್ಕು ಚಕ್ರನೂ ಗಾಳೀಲಿ. ಐದೂವರೆ ಅಡಿ ತಗೋ. ಮೇಕೆ ತರ ಹತ್ತುತ್ತೆ."

"ಐದೂವರೆಯಲ್ಲಿ ಇವನು ಮಲಗಿದ್ರೆ ಅರ್ಧ ಕಾಲು ಹೊರಗಿರುತ್ತೆ," ಎಂದ ಡ್ವೇನ್. "ಕರಡಿ ಬಂದು ಮೂಸಿ ನೋಡುತ್ತೆ."

"ಹಿಂಬಾಗಿಲು ಇಳಿಸಿ ಅದರ ಮೇಲೆ ಕಾಲು ಚಾಚಲಿ."

"ಮಳೆ ಬಂದ್ರೆ?"

"ಕಾಲು ತೊಳೆದಂಗಾಯ್ತು."

ಆ ದಿನದಿಂದ ಅಂಗಡಿಯಲ್ಲಿ ಗೋಡೆ ಕಡೆಯ ಮೇಜಿನವರು ಉದ್ದದವರು, ಕಿಟಕಿ ಕಡೆಯವರು ಗಿಡ್ಡದವರು ಎಂದು ಊರು ಇಬ್ಭಾಗವಾಯಿತು. ಆರ್ವಿಲ್ ಎರಡೂ ಮೇಜಿಗೆ ಹೋಗಿ ಎರಡೂ ಕಡೆ ತಲೆಯಾಡಿಸಿದ. ಊಟ ಸೇರಲಿಲ್ಲ. ದಾರಿಯಲ್ಲಿ ನಿಂತ ಪಿಕಪ್ಪುಗಳನ್ನೆಲ್ಲ ಹೆಜ್ಜೆಯಿಂದ ಅಳೆಯುತ್ತ ಬಂದು ನನ್ನ ಬೇಲಿಯ ಹತ್ತಿರ ನಿಂತು, "ಕ್ಲಾರೆನ್ಸ್ ಅವರೇ, ಗಿಡ್ಡದ್ದು ತಗೊಂಡ್ರೆ ಮಲಗೋಕಾಗಲ್ಲ, ಉದ್ದದ್ದು ತಗೊಂಡ್ರೆ ಹೋಗೋಕೇ ಆಗಲ್ಲ," ಎನ್ನುತ್ತಿದ್ದ. ಈ ಮಧ್ಯೆ ಹೊಟ್ಟೆಯಲ್ಲಿ ಏನೋ ಸಂಕಟವೆಂದು ಡಾಕ್ಟರ್ ಮಿರಿಯಮ್ ವೋಸ್ ಅವರನ್ನೂ ಕಂಡು ಬಂದ. ಆಕೆ ರಕ್ತ ತೆಗೆದು, ನಾಲಿಗೆ ನೋಡಿ, ಕೆಲಸದಿಂದ ನಿವೃತ್ತನಾದೆ ಎಂದು ಅವನು ಹೇಳಿದ್ದಕ್ಕೆ, "ಒಳ್ಳೇದಾಯ್ತು, ಆಸೆ ಪಟ್ಟಿದ್ದನ್ನ ಇನ್ನು ಮುಂದಕ್ಕೆ ಹಾಕ್ಬೇಡಿ," ಎಂದರಂತೆ. ಡಾಕ್ಟರ ಬಳಿ ಹೋದದ್ದು ಊರಿಗೆಲ್ಲ ಗೊತ್ತಾಯಿತು. ನಮ್ಮಲ್ಲಿ ಆಸ್ಪತ್ರೆಯ ಬಾಗಿಲು ಅಂಚೆ ಕಚೇರಿಯ ಎದುರಿಗಿದೆ.

ಇನ್ನು ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಬರ್ನೀಸ್ ಹೋಲ್ಕಂಬ್ ಕಂಡಳು. ಬರ್ನೀಸ್ ನಮ್ಮ ಚರ್ಚಿನ ಪ್ರಾರ್ಥನಾ ಸರಪಳಿಯ ಮೊದಲ ಕೊಂಡಿ. ಯಾರಿಗಾದರೂ ಕಷ್ಟ ಬಂದರೆ ಅವಳು ಒಬ್ಬರಿಗೆ ಫೋನು ಮಾಡುತ್ತಾಳೆ, ಅವರು ಇನ್ನೊಬ್ಬರಿಗೆ. ಹೀಗೆ ಸುದ್ದಿ ಊರನ್ನು ಸುತ್ತುವಷ್ಟರಲ್ಲಿ ಎಲ್ಲರೂ ಆ ಕಷ್ಟಕ್ಕಾಗಿ ಪ್ರಾರ್ಥಿಸಿರುತ್ತಾರೆ. ಪವಿತ್ರವಾದ ಕೆಲಸ. ಅದರಿಂದ ಎಷ್ಟೋ ಜನ ಗುಣವಾಗಿದ್ದಾರೆ, ಅವರಲ್ಲಿ ಕೆಲವರಿಗೆ ನಿಜವಾಗಿ ಕಾಯಿಲೆಯೂ ಇತ್ತು.

ಅಂದು ಅವಳು ಪಕ್ಕದ ಊರಿಗೆ ಗಾಡಿಯ ಎಣ್ಣೆ ಬದಲಾಯಿಸಲು ಹೋಗಿದ್ದಳು. ಪಕ್ಕದಲ್ಲೇ ಪಿಕಪ್ ಮಾರುವ ಬಯಲು. ಅಲ್ಲಿ ಒಂದು ಬಿಳಿಯ ಪಿಕಪ್ಪಿನ ತೊಟ್ಟಿಯಲ್ಲಿ ಆರ್ವಿಲ್ ಬ್ರೆಕ್ಕೆ ಅಂಗಾತ ಮಲಗಿದ್ದ. ಕಣ್ಣು ಮುಚ್ಚಿದ್ದ. ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದ. ಗಿಡ್ಡ ತೊಟ್ಟಿಯಲ್ಲಿ ಮಲಗಿ ಕೈ ಎಲ್ಲಿಡಬೇಕೋ ತಿಳಿಯಲಿಲ್ಲವೆಂದು ಆಮೇಲೆ ಹೇಳಿದ. ಮಾರಾಟದ ಹುಡುಗ ಟೇಪು ಹಿಡಿದು ನೆತ್ತಿಯಿಂದ ಹಿಮ್ಮಡಿಯವರೆಗೆ ಅವನನ್ನು ಅಳೆಯುತ್ತಿದ್ದ. ಬರ್ನೀಸ್ ಬೇಲಿಗೆ ಒರಗಿ ನಿಂತಳು.

"ಸ್ವಲ್ಪ ಓರೆಯಾಗಿ ಮಲಗಿ ಸಾರ್. ಈ ಮೂಲೆಯಿಂದ ಆ ಮೂಲೆಗೆ. ಆಗ ಹಿಡಿಸುತ್ತೆ," ಎಂದ ಹುಡುಗ. "ಜೊತೆಗೆ ಯಾರಾದ್ರೂ ಇದ್ರೆ ಮಾತ್ರ ಓರೆ ಆಗಲ್ಲ."

"ಯಾರೂ ಇಲ್ಲ. ಹೆಂಡತಿ ಬರಲ್ಲ," ಎಂದ ಆರ್ವಿಲ್ ಕಣ್ಣು ತೆರೆಯದೆ. "ನಾನೊಬ್ಬನೇ."

ಬರ್ನೀಸ್ ಎಣ್ಣೆ ಬದಲಾಯಿಸದೆ ಮನೆಗೆ ಬಂದಳು.

ಸರಪಳಿ ಆ ಮಧ್ಯಾಹ್ನವೇ ಓಡಿತು. ಡಾಕ್ಟರ ಬಳಿ ಹೋದ, ಬಂದ, ತನ್ನ ಅಳತೆ ತಾನೇ ತೆಗೆಸಿಕೊಂಡ, ತನ್ನ ಪಿಕಪ್ಪಿನಲ್ಲೇ ಕೊನೆಯ ಪ್ರಯಾಣ ಹೋಗಬೇಕೆಂಬುದು ಅವನ ಆಸೆ. ನಮ್ಮ ಸೀಮೆಯಲ್ಲಿ ಇದನ್ನು ಯಾರೂ ವಿಚಿತ್ರವೆನ್ನಲಿಲ್ಲ. ಹಿಂದೆ ಇಬ್ಬರು ಮೂವರು ಹಾಗೆ ಹೋಗಿದ್ದಾರೆ. ಖಚಿತಪಡಿಸಿಕೊಳ್ಳಲು ಯಾರೋ ಡಾಕ್ಟರ್ ವೋಸ್ ಅವರಿಗೇ ಫೋನು ಮಾಡಿದರು. "ಒಬ್ಬರ ಆರೋಗ್ಯದ ವಿಷಯ ನಾನು ಇನ್ನೊಬ್ಬರ ಹತ್ರ ಮಾತಾಡಲ್ಲ," ಎಂದರಂತೆ ಅವರು. ಅಲ್ಲಿಗೆ ಖಚಿತವಾಯಿತು.

ನನಗೂ ಫೋನು ಬಂತು. ನಾನು ಮರಗೆಲಸದವನು, ಈಗ ಕೈ ನಡುಗುತ್ತದೆ. ಆದರೂ ನಮ್ಮ ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಪೈನ್ ಮರದ ಪೆಟ್ಟಿಗೆ ಮಾಡಿಕೊಡುವುದು ನಾನೇ. ಕಳೆದ ಶರತ್ಕಾಲದಲ್ಲಿ ಹುಲ್ಡಾಳಿಗೆ ಮಾಡಿದ ಮೇಲೆ ಉಳಿಯನ್ನು ಮುಟ್ಟಿರಲಿಲ್ಲ. ಆರ್ವಿಲ್ ನೆರೆಯವನು. ಅವಳ ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟವನು. ಮರದ ಅಂಗಡಿಗೆ ಹೋಗಿ ಗಂಟಿಲ್ಲದ ಹಲಗೆಗಳನ್ನು ಆರಿಸಿ ತಂದೆ. ಉದ್ದ ಮಾತ್ರ ನಿಶ್ಚಯ ಮಾಡಿಕೊಳ್ಳಬೇಕಿತ್ತು. ಟೇಪನ್ನು ಜೇಬಿಗೆ ಹಾಕಿಕೊಂಡು ಅವನ ಗ್ಯಾರೇಜಿಗೆ ಹೋದೆ. ಅವನು ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದನೆಯ ಚೌಕ ಬರೆದು ಅದರ ನಡುವೆ ನಿಂತಿದ್ದ. ಪಾಪ, ಆಗಲೇ ತಯಾರಾಗಿದ್ದಾನೆ ಎಂದುಕೊಂಡೆ.

"ಆರ್ವಿಲ್, ನಿನ್ನ ಎತ್ತರ ಆರಡಿ ಮೂರಲ್ವಾ?"

"ಹೌದು ಕ್ಲಾರೆನ್ಸ್ ಅವರೇ." ಅವನ ಮುಖ ಅರಳಿತು. "ಎಷ್ಟುದ್ದ ಬೇಕು ಅಂತ ನಿಮ್ಮಂಥವರು ಹೇಳಬೇಕು. ಅಂಗಡೀಲಿ ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಡಿಸಿದಾರೆ."

ಅಂಗಡಿಯಲ್ಲಿ ಇದನ್ನೂ ಚರ್ಚೆಗಿಟ್ಟರೇ ಎಂದು ನನಗೆ ಬೇಸರವಾಯಿತು. "ಆರೂವರೆ ಸಾಕು," ಎಂದೆ.

"ಎಂಟು ಬೇಡ್ವಾ?"

"ಎಂಟು ಅಂದ್ರೆ ತುಂಬ ಭಾರ. ತಿರುವಿನಲ್ಲಿ ಕಷ್ಟ." ನಮ್ಮ ಸ್ಮಶಾನದ ಗೇಟಿನ ಬಳಿ ಒಂದು ತಿರುವಿದೆ.

"ಲುಯೆಲ್ಲಾನೂ ಅದೇ ಅಂದ್ಲು. ಆರೂವರೆ ಆದ್ರೆ ನನ್ನ ಕಾಲ ಹತ್ರ ಮೂರೇ ಅಂಗುಲ ಮಿಗುತ್ತೆ. ಐಸ್ ಪೆಟ್ಟಿಗೆ ಎಲ್ಲಿಡೋದು?"

ದುಃಖದಲ್ಲಿ ಮನುಷ್ಯನ ಬುದ್ಧಿ ಸಣ್ಣ ಸಣ್ಣ ವಸ್ತುಗಳನ್ನು ಹಿಡಿದು ನೇತಾಡುತ್ತದೆ. ನನಗೆ ಅದರ ಅನುಭವವಿದೆ. ಅವನ ತೋಳು ಹಿಡಿದು, "ಅಲ್ಲಿಗೆ ಐಸ್ ಪೆಟ್ಟಿಗೆ ಬೇಡಪ್ಪ," ಎಂದೆ. "ಅಲ್ಲಿ ಯಾವುದಕ್ಕೂ ಕೊರತೆ ಇರಲ್ಲ ಅಂತ ನಾವು ನಂಬಿರೋದು."

"ಅಲ್ಲಿ ಕುಡಿಯೋ ನೀರೂ ಸಿಗಲ್ವಲ್ಲ."

"ಜೀವಜಲದ ನದಿಯೇ ಇದೆ ಆರ್ವಿಲ್."

"ಮ್ಯಾಗ್ಪೈ ಪಾಯಿಂಟಿನಲ್ಲಾ?"

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವನ ಕಣ್ಣು ನನ್ನ ಜೇಬಿನಿಂದ ಇಣುಕುತ್ತಿದ್ದ ಟೇಪಿನ ಮೇಲೆ ಬಿತ್ತು. ಆಮೇಲೆ ನನ್ನ ತೋಳಿಗಂಟಿದ ಪೈನ್ ಹೊಟ್ಟಿನ ಮೇಲೆ. ಈ ಊರಿನಲ್ಲಿ ನಾನು ಟೇಪು ಹಿಡಿದು ಮನೆಗೆ ಬರುವುದು ಯಾವಾಗ ಎಂಬುದು ಎಲ್ಲರಿಗೂ ಗೊತ್ತು. ಅವನು ಸೀಮೆಸುಣ್ಣದ ಚೌಕದೊಳಗೇ ಮೆಲ್ಲಗೆ ಕುಳಿತ.

ಬೇರೆ ಯಾರಾಗಿದ್ದರೂ, ಏನೋ ತಪ್ಪಾಗಿದೆ ಕ್ಲಾರೆನ್ಸ್, ನಾನು ಗಟ್ಟಿಯಾಗಿದ್ದೀನಿ ಎನ್ನುತ್ತಿದ್ದರು. ಆರ್ವಿಲ್ ಮೂವತ್ತು ವರ್ಷ ಕಚೇರಿಯಲ್ಲಿ ಕುಳಿತವನು. ಮೇಲಿನವರಿಗೆ ಗೊತ್ತಾಗಿ, ಊರಿಗೆ ಗೊತ್ತಾಗಿ, ಕೊನೆಯಲ್ಲಿ ತನಗೆ ಗೊತ್ತಾಗುವುದು ಅವನ ರೂಢಿ.

"ಡಾಕ್ಟರು ನಿಮಗೆಲ್ಲ ಹೇಳಿದಾರೆ," ಎಂದ. "ನನಗೆ ಹೇಳೋಕೆ ಮನಸ್ಸು ಬಂದಿಲ್ಲ. ಅದಕ್ಕೇ ಆಸೆ ಪಟ್ಟಿದ್ದನ್ನ ಮುಂದಕ್ಕೆ ಹಾಕ್ಬೇಡಿ ಅಂದ್ರು."

ಅವನಿಗೆ ವಿಷಯವೇ ಗೊತ್ತಿರಲಿಲ್ಲ, ನಾನು ಬಾಯಿಬಿಟ್ಟೆ ಎಂದು ನನ್ನನ್ನೇ ಬೈದುಕೊಂಡೆ. ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ನಮ್ಮಲ್ಲಿ ಸಾವಿನ ಹೊತ್ತಿಗೆ ಹೇಳುವ ಇಪ್ಪತ್ತಮೂರನೆಯ ಕೀರ್ತನೆ ಹೇಳಿದೆ. ಅವನು ಜೊತೆಗೂಡಿ ಹೇಳಿದ. ಅದರಿಂದ ಅವನ ಕೊನೆಯ ಅನುಮಾನವೂ ಹೋಯಿತು.

ಅದೇ ಹೊತ್ತಿಗೆ ಮುಂಬಾಗಿಲಲ್ಲಿ ಬರ್ನೀಸ್ ನಿಂತಿದ್ದಳು, ಕೈಯಲ್ಲಿ ಗಾಜಿನ ತಟ್ಟೆ. ತುರಿದ ಆಲೂಗೆಡ್ಡೆಗೆ ಚೀಸು, ಹುಳಿ ಕೆನೆ ಬೆರೆಸಿ, ಮೇಲೆ ಗರಿಗರಿಯ ಚೂರು ಉದುರಿಸಿ ಸುಟ್ಟದ್ದು. ಬಾಣಂತಿಗೆ ಬೇರೆ ತಿಂಡಿ ಇದೆ, ಹೊಸದಾಗಿ ಊರಿಗೆ ಬಂದವರಿಗೆ ಬೇರೆ. ಈ ಆಲೂಗೆಡ್ಡೆ ಹೋಗುವುದು ಸಾವಿನ ಮನೆಗೆ. ಅವಳು ತಟ್ಟೆಯನ್ನು ನೋರೀನ್‌ಳ ಕೈಗಿಟ್ಟು, ತಟ್ಟೆ ಸಮೇತ ಅವಳನ್ನು ತಬ್ಬಿಕೊಂಡಳು. ಸಾವೆಂಬ ಮಾತನ್ನು ಬರ್ನೀಸ್ ಬಾಯಿಬಿಟ್ಟು ಹೇಳುವುದಿಲ್ಲ; ಅದು ಅವಳ ಸಭ್ಯತೆ.

"ಗಟ್ಟಿ ಮನಸ್ಸು ಮಾಡ್ಕೊ ನೋರೀನ್. ಅವನು ನಿನ್ನ ಬಿಟ್ಟು ಹೋಗೋಕೆ ಎಲ್ಲಾ ಸಿದ್ಧ ಮಾಡ್ಕೊಂಡಿದಾನೆ. ಪಿಕಪ್ ಮಾರೋ ಹುಡುಗನ ಹತ್ರ ಹೇಳಿದ್ದನ್ನ ನನ್ನ ಕಿವಿಯಾರೆ ಕೇಳಿದೆ. ಹೆಂಡತಿ ಬರಲ್ಲ, ನಾನೊಬ್ಬನೇ ಅಂದ."

ನೋರೀನ್ ಅಡುಗೆಮನೆಗೆ ಹೋಗಿ ತಟ್ಟೆಯನ್ನು ಕಿಟಕಿಯ ಕೆಳಗಿಟ್ಟಳು. ಕಿಟಕಿಯಲ್ಲಿ ಮ್ಯಾಗ್ಪೈ ಪಾಯಿಂಟ್. ಗಂಡ ಪಿಕಪ್ಪು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಇವತ್ತು ಕೇಳುತ್ತಾನೆ, ನಾಳೆ ಕೇಳುತ್ತಾನೆ ಎಂದಿದ್ದಳು. ಕೇಳದಿದ್ದದ್ದು ಒಂದು, ಬರುವುದಿಲ್ಲವೆಂದು ತಾನೇ ತೀರ್ಮಾನಿಸಿ ಪರವೂರಿನ ಹುಡುಗನಿಗೆ ಹೇಳಿದ್ದು ಇನ್ನೊಂದು. ಅವಳು ಅತ್ತಳು. ಸಂಜೆಯೊಳಗೆ ಇನ್ನಷ್ಟು ಆಲೂಗೆಡ್ಡೆ ಬಂತು, ಪ್ರತಿಯೊಂದು ತಟ್ಟೆಯ ತಳದಲ್ಲೂ ಅದರ ಒಡತಿಯ ಹೆಸರು ಅಂಟಿಸಿದ್ದು. ಹೆಂಡತಿಯನ್ನು ಬಿಟ್ಟು ಗುಡ್ಡಕ್ಕೆ ಹೋಗುವ ಗಂಡನಿದ್ದರೆ ಊರು ಇಷ್ಟೊಂದು ಮರುಗುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಸ್ವಲ್ಪ ಸಮಾಧಾನವೂ ಆಯಿತಂತೆ.

ಆರ್ವಿಲ್ ಒಳಗೆ ಬಂದ. ಮೇಜಿನ ತುಂಬ ಆ ಆಲೂಗೆಡ್ಡೆ. ಹೆಂಡತಿಯ ಕಣ್ಣು ಕೆಂಪು.

"ನಿನಗೂ ಗೊತ್ತಾ?" ಎಂದ.

"ಊರಿಗೆಲ್ಲ ಗೊತ್ತು. ನನಗೆ ಹೇಳೋದು ಒಂದು ಬಾಕಿ ಇತ್ತು."

"ನನಗೇ ಈಗ ಗೊತ್ತಾಗಿದ್ದು ನೋರೀನ್."

ಇದೆಂಥ ನಾಚಿಕೆಗೆಟ್ಟ ಸುಳ್ಳು ಎಂದು ಅವಳು ಮುಖ ತಿರುಗಿಸಿದಳು. ಅವನು ಅದನ್ನು ದುಃಖವೆಂದು ತಿಳಿದ. ಇಬ್ಬರೂ ಎದುರುಬದುರು ಕುಳಿತು ಬರ್ನೀಸ್‌ಳ ತಟ್ಟೆಯನ್ನು ಖಾಲಿ ಮಾಡಿದರು.

ಆ ವಾರ ಊರು ತನ್ನ ಒಳ್ಳೆಯತನವನ್ನೆಲ್ಲ ಅವರ ಅಂಗಳಕ್ಕೆ ತಂದು ಸುರಿಯಿತು. ಲುಯೆಲ್ಲಾ ಬಂದು ಉದ್ದ ಗಿಡ್ಡದ ವಿಚಾರದಲ್ಲಿ ಗಟ್ಟಿಯಾಗಿ ಮಾತಾಡಿದ್ದಕ್ಕೆ ಕ್ಷಮೆ ಕೇಳಿದಳು. ಯಾರೋ ಹುಲ್ಲು ಕತ್ತರಿಸಿ ಹೋದರು. ಯಾರೋ ಅದನ್ನೇ ಇನ್ನೊಮ್ಮೆ ಕತ್ತರಿಸಿದರು. ಡ್ವೇನ್ ಗ್ಯಾರೇಜಿಗೆ ಬಂದು ಟೋಪಿ ತೆಗೆದು ನಿಂತ.

"ಭಾವ, ತಪ್ಪು ತಿಳ್ಕೋಬೇಡ. ನಿನ್ನ ಹಿಮ ತಳ್ಳೋ ಯಂತ್ರ ಇದೆಯಲ್ಲ. ಈ ಚಳಿಗಾಲ ನಿನಗೆ... ಅಂದ್ರೆ, ಅದು ಸುಮ್ನೆ ತುಕ್ಕು ಹಿಡಿಯೋದು ಬೇಡ ಅಂತ."

"ತಗೊಂಡ್ಹೋಗು," ಎಂದ ಆರ್ವಿಲ್. "ನಿಮ್ಮಕ್ಕನ ಬಾಗಿಲ ಮುಂದಿನ ಹಿಮ ಮಾತ್ರ ತಳ್ತಿರು."

ಡ್ವೇನ್ ಮೂಗೊರೆಸಿಕೊಂಡ. "ಎಂಟಡಿದೇ ತಗೋ ಭಾವ. ಒಂದ್ಸಲ ಹೋಗೋನು ಆರಾಮಾಗಿ ಹೋಗು."

ಆರ್ವಿಲ್‌ನ ಗಾಬರಿ ಈಗ ಬೇರೆ ರೂಪ ತಾಳಿತು. ನಾಡಿ ಹಿಡಿದುಕೊಂಡೇ ಓಡಾಡುತ್ತಿದ್ದ. ದಿನವೂ ತಿನ್ನುತ್ತಿದ್ದ ಆ ಚೀಸಿನ ಆಲೂಗೆಡ್ಡೆಯಿಂದ ಎದೆ ಉರಿಯುತ್ತಿತ್ತು. ರೋಗ ಎದೆಗೇರಿತೆಂದು ತಿಳಿದ. ಡಾಕ್ಟರ್ ವೋಸ್ ಅವರಿಗೆ ಫೋನು ಮಾಡಿ ಕೇಳು ಎಂದು ನಾನೇ ಹೇಳಿದೆ. "ಬೇಡ," ಎಂದ. "ಫೋನು ಮಾಡದೇ ಇದ್ರೆ ಇನ್ನೂ ಒಂದೆರಡು ವಾರ ಸಿಗಬಹುದು." ಗಣಿ ರಸ್ತೆಯ ಮಾತನ್ನು ಅವನು ಆಡಲೇ ಇಲ್ಲ. ಅಡುಗೆಮನೆಯಲ್ಲಿ ಹೆಂಡತಿ ಕಿಟಕಿಯ ಪರದೆ ಎಳೆದುಬಿಟ್ಟಿದ್ದಳು. ಅದನ್ನು ಅವನು ಗಮನಿಸಿದ, ತನ್ನ ಸಲುವಾಗಿಯೇ ಎಂದುಕೊಂಡ. ನಾನು ಶೆಡ್ಡಿನಲ್ಲಿ ಹಲಗೆಗಳನ್ನು ಆರೂವರೆ ಅಡಿಗೆ ಕತ್ತರಿಸಿ ಉಜ್ಜುತ್ತಿದ್ದೆ. ಆ ಸದ್ದು ಅವನಿಗೆ ಕೇಳಬಾರದೆಂದು ರೇಡಿಯೋ ಹಾಕಿಟ್ಟಿದ್ದೆ. ಸದಾ ಮೌನವಾಗಿರುವ ಮನೆಯಿಂದ ಹಾಡು ಕೇಳಿ ಅವನು ಇನ್ನಷ್ಟು ಹೆದರಿದನಂತೆ.

ಭಾನುವಾರ ಬಂತು. ನಮ್ಮ ಪಾದ್ರಿಗೆ ಮೂರು ಊರುಗಳ ಭಾರ, ಆ ವಾರ ನಮ್ಮ ಸರದಿ ಅಲ್ಲ. ಅಂಥ ಭಾನುವಾರ ಪ್ರಾರ್ಥನೆ ನಡೆಸುವುದು ಹಿರಿಯನಾದ ನನ್ನ ಕೆಲಸ. ಸಾಮಾನ್ಯವಾಗಿ ಖಾಲಿ ಇರುವ ಮುಂದಿನ ಸಾಲಿನವರೆಗೂ ಜನ. ಗಾಯನ ಮಂಡಳಿಯಲ್ಲಿ, ಹಿಂದಿನ ಸಾಲಿನ ತುದಿಯಲ್ಲಿ, ಡಾಕ್ಟರ್ ವೋಸ್. ಆರ್ವಿಲ್ ಮತ್ತು ನೋರೀನ್ ಒಂದೇ ಬೆಂಚಿನ ಎರಡು ಕೊನೆಯಲ್ಲಿ.

"ನಮ್ಮ ಸಹೋದರ ಆರ್ವಿಲ್‌ಗಾಗಿ," ಎಂದೆ ನಾನು. "ಅವನು ಹೊರಟಿರುವ ದಾರಿಯಲ್ಲಿ ಕರ್ತನು ಜೊತೆಗಿರಲಿ."

"ಆಮೆನ್," ಎಂದಿತು ಸಭೆ. ಬರ್ನೀಸ್ ಬಿಕ್ಕಿದಳು.

ಆರ್ವಿಲ್ ಎದ್ದು ನಿಂತ. ಆರಡಿ ಮೂರಂಗುಲವೂ ಎದ್ದಿತು. ಸಭೆಯ ನಡುವೆ ಎದ್ದು ಮಾತಾಡುವುದು ನಮ್ಮಲ್ಲಿ ಪದ್ಧತಿಯಲ್ಲ. ನಾವು ಬೆಂಕಿ ಬಿದ್ದರೂ ಕೀರ್ತನೆ ಮುಗಿಸಿ ಹೊರಡುವವರು.

"ಎಲ್ಲರಿಗೂ ಥ್ಯಾಂಕ್ಸ್," ಎಂದ. "ಆಲೂಗೆಡ್ಡೆಗೆ. ಹುಲ್ಲಿಗೆ. ನಾನು ಪಿಕಪ್ಪು ತಗೊಳ್ಳಲ್ಲ. ಆ ದುಡ್ಡು ನೋರೀನ್‌ಗೆ ಇರಲಿ. ಅವಳಿಗೊಂದು ಒಳ್ಳೇ ಸಣ್ಣ ಕಾರು ಸಾಕು. ನಾನು ಹೋದ ಮೇಲೆ ಅವಳು..."

"ಎಲ್ಲಿಗೆ ಹೋದ ಮೇಲೆ?" ನೋರೀನ್ ಎದ್ದಿದ್ದಳು. "ನೀನೊಬ್ಬನೇ ಹೋಗಿ ಚುಕ್ಕಿ ನೋಡ್ಕೊಂಡು ಮಲಗು. ನಾನು ಸಣ್ಣ ಕಾರಲ್ಲಿ ದಿನಸಿ ಅಂಗಡಿಗೆ ಹೋಗ್ತೀನಿ. ಅಷ್ಟೇ ಅಲ್ವಾ ನನ್ನ ಪಾಲಿಗೆ?"

"ನೋರೀನ್, ನೀನು ಈಗ್ಲೇ ಬರೋದು ಬೇಡ. ನಿನಗಿನ್ನೂ ಟೈಮಿದೆ."

"ಮದುವೆ ಆದಾಗಿಂದ ಆ ಬಂಡೆ ನೋಡ್ಕೊಂಡು ಪಾತ್ರೆ ತೊಳೆದಿದೀನಿ. ಇನ್ನೂ ಎಷ್ಟು ಟೈಮು? ಒಂದ್ಸಲ ಕೇಳಿದ್ಯಾ ನನ್ನ, ಬರ್ತೀಯಾ ಅಂತ? ಗೊತ್ತಿಲ್ಲದ ಹುಡುಗನ ಹತ್ರ ಹೆಂಡತಿ ಬರಲ್ಲ ಅಂದೆಯಂತೆ."

ಗಂಡನ ಜೊತೆ ತಾನೂ ಹೋಗುತ್ತೇನೆಂದು ಹೆಂಡತಿ ಹಟ ಹಿಡಿದಂತೆ ನಮಗೆಲ್ಲ ಕೇಳಿಸಿತು. ನಾನು ಗಾಬರಿಯಿಂದ, "ನೋರೀನ್, ಅದು ನಮ್ಮ ಕೈಯಲ್ಲಿಲ್ಲಮ್ಮ, ಕರೆಯೋದು ದೇವರು," ಎಂದೆ.

"ಮ್ಯಾಗ್ಪೈ ಪಾಯಿಂಟಿಗೆ ಹೋಗೋಕೆ ದೇವರು ಯಾಕೆ ಕರೀಬೇಕು? ಗಂಡ ಕರೆದ್ರೆ ಸಾಕು."

ಗ್ಯಾರೇಜಿನಲ್ಲಿ ಕೇಳಿದ್ದ ಆ ಬಂಡೆಯ ಹೆಸರು ಎರಡನೆಯ ಸಲ ನನ್ನ ಕಿವಿಗೆ ಬಿತ್ತು, ಮತ್ತು ಈ ಸಲ ತಲೆಗೂ ಹೋಯಿತು. ನಾನು ಆರ್ವಿಲ್‌ನನ್ನು ನೋಡಿದೆ. ಆರ್ವಿಲ್ ಹೆಂಡತಿಯನ್ನು ನೋಡುತ್ತಿದ್ದ.

"ನಾನು ಸಾಯ್ತಾ ಇದೀನಿ ಅಂತಲ್ವಾ ನೀನು ಅತ್ತಿದ್ದು?" ಎಂದ.

"ಸಾಯೋದಾ?" ನೋರೀನ್ ಬೆಂಚು ಹಿಡಿದುಕೊಂಡಳು. "ಯಾರು ಸಾಯ್ತಿರೋದು?"

ಇಡೀ ಸಭೆ ಬರ್ನೀಸ್ ಕಡೆ ತಿರುಗಿತು. ಬರ್ನೀಸ್ ಗಾಯನ ಮಂಡಳಿಯ ಕಡೆ ತಿರುಗಿದಳು. ಡಾಕ್ಟರ್ ವೋಸ್ ಹಾಡಿನ ಪುಸ್ತಕವನ್ನು ಮುಚ್ಚಿದರು.

"ಆರ್ವಿಲ್, ನೀವು ಒಪ್ಪಿದ್ರೆ ಇಲ್ಲೇ ಹೇಳ್ತೀನಿ. ಇಲ್ಲಾಂದ್ರೆ ಬಾಯಿ ಬಿಡಲ್ಲ."

ಆರ್ವಿಲ್ ಬೆಂಚಿನುದ್ದಕ್ಕೂ ಸರಿದು ಹೋಗಿ ನೋರೀನ್‌ಳ ಕೈ ಹಿಡಿದ. "ಹೇಳಿ," ಎಂದ.

"ನಿಮಗೆ ಏನೂ ಆಗಿಲ್ಲ. ರಕ್ತದಲ್ಲಿ ಕೊಬ್ಬು ಸ್ವಲ್ಪ ಜಾಸ್ತಿ. ಚೀಸು, ಕೆನೆ ಮುಟ್ಟಬೇಡಿ ಅಂತ ಹೇಳೋಕೆ ಈ ವಾರವೆಲ್ಲ ಫೋನು ಮಾಡ್ತಾನೇ ಇದೀನಿ. ನೀವು ಎತ್ತುತಾನೇ ಇಲ್ಲ."

ಊರಿನ ಹೆಂಗಸರೆಲ್ಲ ತಮ್ಮ ತಮ್ಮ ಗಾಜಿನ ತಟ್ಟೆಗಳನ್ನು ನೆನೆದು ನೆಲ ನೋಡಿದರು. ಒಬ್ಬ ಆರೋಗ್ಯವಂತನನ್ನು ಪ್ರಾರ್ಥನೆಯಿಂದಲೂ ಆಲೂಗೆಡ್ಡೆಯಿಂದಲೂ ಕೊಲ್ಲಲು ಇನ್ನೊಂದೇ ವಾರ ಸಾಕಾಗಿತ್ತು. ಕೊನೆಗೆ ಹಿಂದಿನಿಂದ ಡ್ವೇನ್‌ನ ಧ್ವನಿ ಕೇಳಿಸಿತು. "ಭಾವ, ಆ ಯಂತ್ರ ನಾಳೆ ತಂದುಬಿಡ್ತೀನಿ. ಅದಕ್ಕೆ ಕೆಂಪು ಬಣ್ಣ ಹೊಡೆದುಬಿಟ್ಟಿದೀನಿ, ಅದೊಂದು."

ನಾನು ಮುಂದಿನ ಹಾಡಿನ ಸಂಖ್ಯೆ ಹೇಳಿದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ. ಹಾಡಿನ ನಡುವೆ ಆರ್ವಿಲ್ ಬಾಗಿ ಹೆಂಡತಿಯ ಕಿವಿಯಲ್ಲಿ ಏನೋ ಕೇಳಿದ್ದು ಕಂಡೆ. ಅವಳು ಹಾಡು ನಿಲ್ಲಿಸದೆ ತಲೆಯಾಡಿಸಿದಳು.

ಮರುದಿನ ನಾನೂ ಅವರ ಜೊತೆ ಪಿಕಪ್ ಮಾರುವ ಬಯಲಿಗೆ ಹೋದೆ. ಟೇಪು ನನ್ನದೇ. ಬೇಲಿಯಾಚೆ ಬರ್ನೀಸ್ ಎಣ್ಣೆ ಬದಲಾಯಿಸಿಕೊಳ್ಳುತ್ತಿದ್ದಳು. ಆ ಕಡೆ ನೋಡದಿರಲು ಆಕೆ ಪಟ್ಟ ಶ್ರಮ ನೋಡುವಂತಿತ್ತು. ಮೊದಲು ಐದೂವರೆ ಅಡಿಯದು. ಆರ್ವಿಲ್ ಹತ್ತಿ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದ. ನೋರೀನ್ ಒಳ್ಳೆಯ ಕೋಟಿನಲ್ಲೇ ಹತ್ತಿ ಜಾಗ ಹುಡುಕಿದಳು. ಎಡಕ್ಕೊಂದು ಮುಕ್ಕೋಣ, ಬಲಕ್ಕೊಂದು ಮುಕ್ಕೋಣ; ಅವಳು ಹಿಡಿಸಬೇಕಾದರೆ ಮಡಚಿಡಬೇಕಿತ್ತು.

"ಇದು ಒಬ್ಬನೇ ಹೋಗೋನಿಗೆ," ಎಂದಳು.

ಎಂಟಡಿಯದರಲ್ಲಿ ಇಬ್ಬರೂ ಮಲಗಿ ಕಾಲ ಬಳಿ ಇನ್ನೊಂದು ಸಂಸಾರ ಮಲಗುವಷ್ಟು ಜಾಗ ಉಳಿಯಿತು. "ಮೂರನೇ ತಿರುವಿನವರೆಗೆ ತುಂಬಾ ಸುಖ," ಎಂದ ಮಾರಾಟದ ಹುಡುಗ. ಅವನೂ ಆ ಗುಡ್ಡ ಕಂಡವನು.

ಆರೂವರೆಯದರಲ್ಲಿ ಆರ್ವಿಲ್ ನೇರ ಮಲಗಿದ. ಪಕ್ಕದಲ್ಲಿ ನೋರೀನ್ ನೇರ ಮಲಗಿದಳು. ಹುಡುಗ ಹಿಂಬಾಗಿಲು ಮುಚ್ಚಿದ. ಮುಚ್ಚಿತು. ಅವರ ಭುಜಕ್ಕೆ ಭುಜ ತಾಗಿತ್ತು. ಇಬ್ಬರೂ ಮೇಲಿನ ಆಕಾಶ ನೋಡುತ್ತಿದ್ದರು. ನಡು ಮಧ್ಯಾಹ್ನ, ಚುಕ್ಕಿ ಯಾವುದೂ ಇರಲಿಲ್ಲ.

"ಐಸ್ ಪೆಟ್ಟಿಗೆ ಎಲ್ಲಿಡೋದು?" ಎಂದ ಆರ್ವಿಲ್. ಅವನ ಧ್ವನಿಯಲ್ಲಿ ಹಳೆಯ ಆತಂಕ ಸುಖವಾಗಿ ಮನೆಗೆ ಮರಳಿತ್ತು. "ಒಲೆ? ನೀರು?"

"ಕೆಳಗಿಡೋಣ," ಎಂದೆ ನಾನು. "ಮೇಲೊಂದು ಹಲಗೆಯ ಅಟ್ಟ ಮಾಡಿಕೊಡ್ತೀನಿ. ಅದರ ಮೇಲೆ ಹಾಸಿಗೆ. ಕೆಳಗೆ ಎರಡು ದೊಡ್ಡ ಖಾನೆ."

ಆ ಅಟ್ಟಕ್ಕೆ ನಾನು ಒಂದು ಹಲಗೆಯನ್ನೂ ಕತ್ತರಿಸಬೇಕಾಗಲಿಲ್ಲ. ಆರೂವರೆ ಅಡಿಗೆ ಸರಿಯಾಗಿ ಕೂತವು. ಮೂಲೆಗಳನ್ನು ಮೊದಲೇ ಉಜ್ಜಿ ನುಣುಪು ಮಾಡಿಟ್ಟಿದ್ದೆ.

ಮೊದಲ ಹಿಮ ಬೀಳುವ ಮುಂಚೆಯೇ ಅವರು ಹೋಗಿಬಂದರು. ಮೂರನೆಯ ತಿರುವಿನಲ್ಲಿ ನೋರೀನ್ ಇಳಿದು ನಿಂತು, ಬಾ ಬಾ ಎಂದು ಕೈಬೀಸಿ ಗಾಡಿಯನ್ನು ತಿರುಗಿಸಿದಳಂತೆ. ಮೇಲಿನಿಂದ ಊರು ಹೇಗೆ ಕಂಡಿತು ಎಂದು ಬೇಲಿಯ ಬಳಿ ಕೇಳಿದೆ. "ತುಂಬಾ ಚಿಕ್ಕದು," ಎಂದಳು. "ನಿಮ್ಮ ದೀಪ ಗುರುತು ಹಿಡಿದ್ವಿ." ಅವಳ ಬೂಟಿನ ತುಂಬ ಕೆಂಪು ಮಣ್ಣಿತ್ತು. ಅದೇ ಬೂಟಿನಲ್ಲಿ ಕಾಲೊರಸನ್ನು ದಾಟಿ ಒಳಗೆ ಹೋದಳು.

ಆರ್ವಿಲ್ ಆಮೇಲೆ ಬಂದ. ಬೇಲಿಗೆ ಒರಗಿ ನಿಂತ. ಅಷ್ಟು ಚೆನ್ನಾಗಿ ಎಂದೂ ನಿದ್ದೆ ಮಾಡಿರಲಿಲ್ಲವಂತೆ.

"ಎಂಥಾ ಮರ ಕ್ಲಾರೆನ್ಸ್ ಅವರೇ, ಒಂದು ಗಂಟಿಲ್ಲ. ಇಷ್ಟು ಬೇಗ, ಇಷ್ಟು ಸರಿಯಾದ ಅಳತೆಗೆ, ಎಲ್ಲಿಂದ ತಂದ್ರಿ?"

"ಶೆಡ್ಡಿನಲ್ಲಿತ್ತು," ಎಂದೆ.

ಹುಲ್ಡಾ ಇದ್ದಿದ್ದರೆ ಅವನಿಗೆ ಹೇಳಿಬಿಡುತ್ತಿದ್ದಳು.